ಜೈನ ಪರಂಪರೆಯಲ್ಲಿ ಸಿಂಹ

ಪಂಚಕಲ್ಯಾಣ ಪ್ರತಿಷ್ಠೆಯ ಮೊದಲ ಅಂಗವಾದ ಗರ್ಭಕಲ್ಯಾಣದಲ್ಲಿ ಜಿನಮಾತೆಯು ಹದಿನಾರು ಶುಭಸ್ವಪ್ನಗಳನ್ನು ಕಾಣುವಳು. ಆ ಸ್ವಪ್ನಮಾಲೆಯಲ್ಲಿ ಆನೆ ಮೊದಲನೆಯದು, ವೃಷಭ ಎರಡನೆಯದು, ಸಿಂಹ ಮೂರನೆಯದು. ಮುಂದೆ ಅದೇ ಮಾಲೆಯಲ್ಲಿ ಸಿಂಹಾಸನವೂ ಕಾಣಿಸಿಕೊಳ್ಳುತ್ತದೆ. ಕೇವಲಜ್ಞಾನಕಲ್ಯಾಣದಲ್ಲಿ ಭಗವಂತನು ಸಮವಸರಣದ ಮಧ್ಯದಲ್ಲಿ ವಿರಾಜಮಾನನಾದಾಗ ಅಷ್ಟ ಪ್ರಾತಿಹಾರ್ಯಗಳಲ್ಲಿ ಒಂದಾಗಿ ನಿಲ್ಲುವುದೂ ಸಿಂಹಾಸನವೇ. ಭಗವಂತನು ಅದನ್ನೂ ಸ್ಪರ್ಶಿಸದೆ ನಾಲ್ಕಂಗುಲ ಮೇಲೆ ನೆಲೆಸಿರುವನೆಂದು ನಮ್ಮ ಆಚಾರ್ಯರು ಹೇಳಿದ್ದಾರೆ. ಇನ್ನು ಚರಮತೀರ್ಥಂಕರರಾದ ಶ್ರೀ ವರ್ಧಮಾನ ಮಹಾವೀರಸ್ವಾಮಿಗಳ ಲಾಂಛನವಂತೂ ಸಿಂಹವೇ ಆಗಿದೆ.

ಬಸದಿಗೆ ಬರುವ ಮಕ್ಕಳು ಪೀಠದಲ್ಲಿ ಸಿಂಹವಿದ್ದ ಬಿಂಬವನ್ನೆಲ್ಲ ಮಹಾವೀರಸ್ವಾಮಿಗಳ ಬಿಂಬವೆಂದೇ ತಿಳಿಯುವುದುಂಟು. ಅದು ಸರಿಯಲ್ಲ. ಪೀಠದ ಎಡಬಲ ತುದಿಗಳಲ್ಲಿ ಕುಳಿತ ಸಿಂಹಗಳು ಆಸನದ ಸಿಂಹಗಳು. ಅವು ಯಾವ ತೀರ್ಥಂಕರರ ಪೀಠದಲ್ಲಾದರೂ ಇರಬಹುದು. ಪೀಠದ ಮಧ್ಯಭಾಗದಲ್ಲಿ ಬಿಡಿಸಿರುವ ಗುರುತೇ ಲಾಂಛನ. ಮಥುರೆಯ ಕಂಕಾಲೀ ಟೀಲಾದಲ್ಲಿ ದೊರೆತ ಕುಷಾಣರ ಕಾಲದ ಜಿನಬಿಂಬಗಳಲ್ಲಿ ಆಸನದ ಸಿಂಹಗಳಿವೆ, ಲಾಂಛನಗಳಿಲ್ಲ. ಲಾಂಛನದಿಂದ ತೀರ್ಥಂಕರರನ್ನು ಗುರುತಿಸುವ ಪದ್ಧತಿ ಗುಪ್ತರ ಕಾಲದಿಂದೀಚೆಗೆ ಬೆಳೆದುಬಂದದ್ದು. ಹೀಗೆ ಲಾಂಛನಕ್ಕಿಂತ ಮೊದಲೇ ಸಿಂಹವು ಜಿನನ ಪಾದದಡಿಗೆ ಬಂದು ಕುಳಿತಿತ್ತು. ಅಹಿಂಸೆಯೇ ಪರಮಧರ್ಮವೆನ್ನುವ ಶಾಸನದಲ್ಲಿ, ಬೇಟೆಯನ್ನೇ ಬದುಕಾಗಿ ಉಳ್ಳ ಮೃಗಕ್ಕೆ ಇಷ್ಟು ಗೌರವ ಹೇಗೆ ಬಂದಿತೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಅರಸರ ಸಿಂಹ

ಲೋಕದಲ್ಲಿ ಸಿಂಹವು ರಾಜಸತ್ತೆಯ ಗುರುತು. ಅರಸನ ಪೀಠಕ್ಕೆ ಸಿಂಹಾಸನವೆಂದು ಹೆಸರು. ವೀರನ ಕೂಗಿಗೆ ಸಿಂಹನಾದವೆಂದು ಹೆಸರು. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯು ಸಾರನಾಥದಲ್ಲಿ ನಿಲ್ಲಿಸಿದ ಕಂಬದ ತುದಿಯಲ್ಲಿ ನಾಲ್ಕು ಸಿಂಹಗಳು ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿವೆ. ೧೯೦೫ರಲ್ಲಿ ಭೂಮಿಯಿಂದ ಹೊರಬಂದ ಆ ಬೋದಿಗೆಯೇ ೧೯೫೦ರ ಜನವರಿ ೨೬ರಿಂದ ನಮ್ಮ ರಾಷ್ಟ್ರಲಾಂಛನವಾಗಿದೆ. ಅದರ ಕೆಳಗಿನ ಪಟ್ಟಿಕೆಯಲ್ಲಿ ಆನೆ, ವೃಷಭ, ಕುದುರೆ, ಸಿಂಹಗಳಿವೆ. ನಮ್ಮ ಸ್ವಪ್ನಮಾಲೆಯ ಮೊದಲ ಮೂರು ಪ್ರಾಣಿಗಳೂ ಅಲ್ಲಿರುವುದನ್ನು ಗಮನಿಸಬಹುದು. ಮಹಾವೀರಸ್ವಾಮಿಗಳ ತಾಯಿ ಪ್ರಿಯಕಾರಿಣೀ ದೇವಿಯ ತವರಾದ ವೈಶಾಲಿಯ ಬಳಿಯಲ್ಲಿಯೂ ಒಂಟಿ ಸಿಂಹವನ್ನು ಹೊತ್ತ ಪ್ರಾಚೀನ ಸ್ತಂಭವೊಂದು ಇಂದಿಗೂ ನಿಂತಿದೆ. ಬೌದ್ಧರು ತಮ್ಮ ಗುರುವನ್ನು ಶಾಕ್ಯಸಿಂಹನೆಂದರು. ವೈದಿಕ ಪರಂಪರೆಯಲ್ಲಿ ಸಿಂಹವು ದುರ್ಗೆಯ ವಾಹನವಾಯಿತು. ವಿಷ್ಣುವು ನರಸಿಂಹನಾಗಿ ಅವತರಿಸಿದನು. ಕೃಷ್ಣದೇವರಾಯನ ಕಾಲದಲ್ಲಿ, ೧೫೨೮ರಲ್ಲಿ, ಹಂಪೆಯಲ್ಲಿ ಕಡೆಯಲಾದ ನರಸಿಂಹನ ಏಕಶಿಲಾಮೂರ್ತಿಯನ್ನು ಕಾಣದ ಕನ್ನಡಿಗರು ವಿರಳ.

ಈ ಎಲ್ಲ ಕಡೆಗಳಲ್ಲಿಯೂ ಸಿಂಹವೆಂದರೆ ಬಲ. ದುಷ್ಟರನ್ನು ಸೀಳುವ ಬಲ, ಇಲ್ಲವೇ ಜಗತ್ತಿಗೆ ಸಾರುವ ಬಲ. ಜೈನ ಪುರಾಣಗಳು ಈ ಬಲವನ್ನು ಅಲ್ಲಗಳೆಯುವುದಿಲ್ಲ. ಆದರೆ ಅವು ಹೇಳುವ ಮುಖ್ಯವಾದ ಸಿಂಹದ ಕಥೆಯಲ್ಲಿ ಸಿಂಹವು ಗರ್ಜಿಸುವುದಿಲ್ಲ. ಸುಮ್ಮನೆ ನಿಂತು ಕೇಳುತ್ತದೆ.

ಕೇಳಿದ ಸಿಂಹ

ಆದಿತೀರ್ಥಂಕರರ ಮೊಮ್ಮಗನಾದ ಮರೀಚಿಯ ಜೀವವು ಮಿಥ್ಯಾತ್ವದಿಂದ ಬಹುಕಾಲ ಸಂಸಾರದಲ್ಲಿ ತೊಳಲಿ, ಶ್ರೇಯಾಂಸನಾಥರ ತೀರ್ಥಕಾಲದಲ್ಲಿ ಪೋದನಪುರದಲ್ಲಿ ತ್ರಿಪೃಷ್ಠನೆಂಬ ಮೊದಲನೆಯ ನಾರಾಯಣನಾಗಿ ಹುಟ್ಟಿತು. ತ್ರಿಪೃಷ್ಠನು ಅಶ್ವಗ್ರೀವನನ್ನು ಕೊಂದು ಅರ್ಧಚಕ್ರವರ್ತಿಯಾದನು. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು ಇನ್ನೊಂದು ಸಂಗತಿಯನ್ನು ಹೇಳುತ್ತಾರೆ. ಪ್ರಜೆಗಳನ್ನು ಪೀಡಿಸುತ್ತಿದ್ದ ಸಿಂಹವೊಂದನ್ನು ತ್ರಿಪೃಷ್ಠನು ಆಯುಧವನ್ನು ಬಿಟ್ಟು ಬರಿಗೈಯಿಂದಲೇ ಸೀಳಿದನಂತೆ. ಸಾಯುತ್ತಿದ್ದ ಆ ಸಿಂಹಕ್ಕೆ ಅವನ ಸಾರಥಿಯು ಮೃದುವಚನಗಳಿಂದ ಸಮಾಧಾನ ಹೇಳಿದನಂತೆ. ಆ ಸಾರಥಿಯ ಜೀವವೇ ಮುಂದೆ ಗೌತಮ ಗಣಧರರಾಯಿತೆಂದು ಆ ಪರಂಪರೆಯ ನಂಬಿಕೆ.

ಭೋಗದಲ್ಲಿ ಮುಳುಗಿಯೇ ಸತ್ತ ತ್ರಿಪೃಷ್ಠನು ಏಳನೆಯ ನರಕಕ್ಕೆ ಇಳಿದನು. ಅಲ್ಲಿಂದ ಬಂದು ಸಿಂಹವಾದನು. ಮತ್ತೆ ನರಕವನ್ನು ಕಂಡು, ಮತ್ತೆ ಹಿಮವತ್ಪರ್ವತದ ಪ್ರದೇಶದಲ್ಲಿ ಸಿಂಹವಾಗಿಯೇ ಹುಟ್ಟಿದನು. ಅರ್ಧಭರತವನ್ನು ಆಳಿದವನಿಗೆ ಆಳಲು ಒಂದು ಗುಹೆ ಉಳಿಯಿತು.

ಗುಣಭದ್ರಾಚಾರ್ಯರ ಉತ್ತರಪುರಾಣವು ಮುಂದಿನ ಪ್ರಸಂಗವನ್ನು ಹೇಳುತ್ತದೆ. ಒಂದು ದಿನ ಆ ಸಿಂಹವು ಜಿಂಕೆಯೊಂದನ್ನು ಹಿಡಿದು ತಿನ್ನುತ್ತಿತ್ತು. ಆಕಾಶಮಾರ್ಗದಲ್ಲಿ ಹೋಗುತ್ತಿದ್ದ ಇಬ್ಬರು ಚಾರಣಮುನಿಗಳು ಅದನ್ನು ಕಂಡು ಕೆಳಗಿಳಿದುಬಂದರು. ಸಿಂಹದ ಸಮೀಪದಲ್ಲಿಯೇ ಶಿಲೆಯೊಂದರ ಮೇಲೆ ಕುಳಿತು ಧರ್ಮವನ್ನು ಉಪದೇಶಿಸತೊಡಗಿದರು. ತ್ರಿಪೃಷ್ಠನಾಗಿ ಅನುಭವಿಸಿದ ಸುಖವನ್ನೂ ನರಕದಲ್ಲಿ ಉಂಡ ದುಃಖವನ್ನೂ ನೆನಪಿಸಿದರು. ಈ ಜೀವವು ಇಲ್ಲಿಂದ ಹತ್ತನೆಯ ಭವದಲ್ಲಿ ಅಂತಿಮ ತೀರ್ಥಂಕರನಾಗುವುದೆಂದು ಜಿನಮುಖದಿಂದ ತಾವು ಕೇಳಿದ್ದುದನ್ನು ತಿಳಿಸಿದರು. ಸಿಂಹಕ್ಕೆ ಜಾತಿಸ್ಮರಣೆಯಾಯಿತು. ಅದರ ಕಣ್ಣುಗಳಿಂದ ನೀರು ಸುರಿಯಿತು. ಅದು ಮುನಿಗಳಿಗೆ ಪ್ರದಕ್ಷಿಣೆ ಬಂದು ವಂದಿಸಿತು. ಸಮ್ಯಕ್ತ್ವವನ್ನೂ ಶ್ರಾವಕವ್ರತಗಳನ್ನೂ ಸ್ವೀಕರಿಸಿತು.

ಮನುಷ್ಯನು ಮಾಂಸವನ್ನು ಬಿಟ್ಟರೆ ಅವನಿಗೆ ಧಾನ್ಯವಿದೆ, ಹಣ್ಣಿದೆ, ಹಾಲಿದೆ. ಸಿಂಹಕ್ಕೆ ಮಾಂಸವಲ್ಲದೆ ಬೇರೆ ಆಹಾರವಿಲ್ಲ. ಆದುದರಿಂದ ಅದು ಕೈಕೊಂಡ ಅಹಿಂಸಾವ್ರತವು ಆಹಾರತ್ಯಾಗವೇ ಆಯಿತು. ಅದು ಕಲ್ಲಿನಲ್ಲಿ ಕಡೆದ ಸಿಂಹದಂತೆ ಅಲುಗಾಡದೆ ಇದ್ದು, ಸಮಾಧಿಮರಣವನ್ನು ಪಡೆದು, ಸೌಧರ್ಮಕಲ್ಪದಲ್ಲಿ ಸಿಂಹಕೇತುವೆಂಬ ದೇವನಾಯಿತು. ಆ ಜೀವವೇ ಕ್ರಮವಾಗಿ ಕನಕೋಜ್ಜ್ವಲ, ಹರಿಷೇಣ, ಪ್ರಿಯಮಿತ್ರ ಚಕ್ರವರ್ತಿ, ನಂದ ಎಂಬ ಮನುಷ್ಯಭವಗಳನ್ನೂ ನಡುನಡುವೆ ದೇವಭವಗಳನ್ನೂ ದಾಟಿ ಕುಂಡಪುರದಲ್ಲಿ ವರ್ಧಮಾನನಾಗಿ ಅವತರಿಸಿತು.

ಮಹಾವೀರಸ್ವಾಮಿಗಳು ಮೋಕ್ಷಮಾರ್ಗದಲ್ಲಿ ದೃಢವಾಗಿ ಕಾಲಿಟ್ಟದ್ದು ಅರಮನೆಯಲ್ಲಿ ಅಲ್ಲ, ಗುಹೆಯ ಮುಂದೆ. ರಾಜನಾಗಿ ಅಲ್ಲ, ಮೃಗವಾಗಿ. ಪೀಠದ ಮೇಲಿನ ಸಿಂಹವು ಪರಾಕ್ರಮದ ಗುರುತೆಂದು ಹೇಳುವುದು ರೂಢಿ. ಆದರೆ ಅದನ್ನು ಕಂಡಾಗಲೆಲ್ಲ ನನಗೆ ಈ ಕೇಳಿದ ಸಿಂಹವೇ ನೆನಪಾಗುತ್ತದೆ.

ಬಂಕಾಪುರದ ನೆನಪು

ಈ ಪುರಾಣಕ್ಕೂ ನಮ್ಮ ನಾಡಿಗೂ ನೇರವಾದ ಸಂಬಂಧವಿದೆ. ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಅವರ ಶಿಷ್ಯರಾದ ಲೋಕಸೇನರ ಕಾಲದಲ್ಲಿ, ಶಕವರ್ಷ ೮೨೦ರಲ್ಲಿ, ಅಂದರೆ ಕ್ರಿ.ಶ. ೮೯೮ರ ಸುಮಾರಿಗೆ, ಬಂಕಾಪುರದಲ್ಲಿ ಪೂಜೆ ಸಂದಿತು. ಆಗ ರಾಷ್ಟ್ರಕೂಟ ಇಮ್ಮಡಿ ಕೃಷ್ಣನು ಚಕ್ರವರ್ತಿ. ಲೋಕಾದಿತ್ಯನು ಬನವಾಸಿ ನಾಡಿನ ಅಧಿಪತಿ. ಈಗ ಹಾವೇರಿ ಜಿಲ್ಲೆಯಲ್ಲಿರುವ ಆ ಊರು ಅಂದು ಜೈನವಿದ್ಯೆಯ ದೊಡ್ಡ ನೆಲೆಯಾಗಿತ್ತು.

ಅದೇ ಬಂಕಾಪುರಕ್ಕೆ, ಮುಕ್ಕಾಲು ಶತಮಾನದ ಅನಂತರ, ಹೆಸರಿನಲ್ಲಿಯೇ ಸಿಂಹವನ್ನು ಹೊತ್ತ ಅರಸನೊಬ್ಬನು ಬಂದನು. ಅವನೇ ಗಂಗವಂಶದ ಮಾರಸಿಂಹ. ನೊಳಂಬಕುಲಾಂತಕನೆಂಬ ಬಿರುದನ್ನು ಧರಿಸಿ ಅನೇಕ ಯುದ್ಧಗಳನ್ನು ಗೆದ್ದವನು ಅವನು. ಕಡೆಗೆ ರಾಜ್ಯವನ್ನು ತ್ಯಜಿಸಿ, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನವ್ರತದಿಂದ ೯೭೪ರ ಸುಮಾರಿಗೆ ದೇಹವನ್ನು ಬಿಟ್ಟನು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ಕೂಗೆ ಬ್ರಹ್ಮದೇವ ಸ್ತಂಭದ ಶಾಸನವು ಇದನ್ನು ಸಾರುತ್ತದೆ. ಅದೇ ಅಜಿತಸೇನರ ಶಿಷ್ಯನಾದ ಚಾವುಂಡರಾಯನು ೯೭೮ರಲ್ಲಿ ಅರುವತ್ತಮೂವರು ಶಲಾಕಾಪುರುಷರ ಚರಿತ್ರೆಯನ್ನು ಕನ್ನಡ ಗದ್ಯದಲ್ಲಿ ಬರೆದು, ಪುರಾಣವನ್ನು ಸಂಸ್ಕೃತವರಿಯದ ಶ್ರಾವಕರ ಮನೆಬಾಗಿಲಿಗೆ ತಂದನು.

ಗಂಗರ ಮೂಲದಲ್ಲಿಯೂ ಸಿಂಹದ ಹೆಸರೇ ಇದೆ. ದಡಿಗ ಮಾಧವರೆಂಬ ರಾಜಕುಮಾರರಿಗೆ ಸಿಂಹನಂದಿ ಆಚಾರ್ಯರು ಆಶ್ರಯವಿತ್ತು ರಾಜ್ಯವನ್ನು ಸ್ಥಾಪಿಸಿಕೊಟ್ಟರೆಂದು ಹನ್ನೆರಡನೆಯ ಶತಮಾನದ ಕಲ್ಲೂರುಗುಡ್ಡದ ಶಾಸನವು ಹೇಳುತ್ತದೆ. ಆಡಿದ ಮಾತಿಗೆ ತಪ್ಪಿದರೆ, ಜಿನಶಾಸನವನ್ನು ಬಿಟ್ಟರೆ, ಮಧುಮಾಂಸಗಳನ್ನು ಸೇವಿಸಿದರೆ, ಯುದ್ಧದಲ್ಲಿ ಬೆನ್ನುತೋರಿದರೆ ನಿಮ್ಮ ಕುಲ ನಾಶವಾಗುವುದೆಂಬ ಅರ್ಥದ ಎಚ್ಚರಿಕೆಯನ್ನು ಅವರು ಕೊಟ್ಟರಂತೆ. ಮಾಂಸವನ್ನು ಬಿಡುವುದೂ ಬೆನ್ನು ತೋರದಿರುವುದೂ ಒಂದೇ ಉಸಿರಿನಲ್ಲಿ ಬಂದಿರುವುದು ಇಲ್ಲಿ ವಿಶೇಷ. ಅಹಿಂಸೆಯು ಹೇಡಿತನವೆಂಬ ಆಕ್ಷೇಪಕ್ಕೆ ಆ ಶಾಸನವೇ ಉತ್ತರ.

ಸಳನು ಹೊಡೆದ ಮೃಗ

ಹೊಯ್ಸಳರ ಕಥೆಯು ಎಲ್ಲರಿಗೂ ತಿಳಿದುದೇ. ಸೊಸೆವೂರಿನ, ಅಂದರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯ, ವಾಸಂತಿಕಾದೇವಿಯ ಸನ್ನಿಧಿಯಲ್ಲಿ ಜೈನಮುನಿಯೊಬ್ಬರ ಮೇಲೆ ಕ್ರೂರಮೃಗವೊಂದು ಎರಗಿತು. ಮುನಿಗಳು ‘ಪೊಯ್ ಸಳ’ ಎಂದರು, ಸಳನು ಹೊಡೆದನು. ಪರಂಪರೆಯು ಆ ಮುನಿಗಳನ್ನು ಸುದತ್ತರೆಂದು ಕರೆಯುತ್ತದೆ. ಶಾಸನಗಳು ಆ ಮೃಗವನ್ನು ಹುಲಿಯೆಂದು, ಶಾರ್ದೂಲವೆಂದು ಹೇಳುತ್ತವೆ. ಶಿಲ್ಪಿಗಳು ಮಾತ್ರ ಅದಕ್ಕೆ ಕೇಸರಗಳನ್ನಿತ್ತು ಸಿಂಹದಂತೆ ಕಡೆದರು. ನಮ್ಮ ಮಲೆನಾಡಿನ ಮೃಗ ಹುಲಿ. ಸಿಂಹವು ಶಿಲ್ಪಶಾಸ್ತ್ರದಿಂದ ಬಂದದ್ದು.

ಮುನಿಗಳು ಕೊಲ್ಲೆಂದು ಹೇಳಬಹುದೇ ಎಂದು ಕೆಲವರು ಕೇಳುವುದುಂಟು. ನಮ್ಮ ಆಚಾರಶಾಸ್ತ್ರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಗೃಹಸ್ಥನು ಪೂರ್ಣವಾಗಿ ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು. ಆಶ್ರಿತರನ್ನು ರಕ್ಷಿಸಲು ಎದುರಿಸಿ ನಿಲ್ಲುವುದು ವಿರೋಧೀ ಹಿಂಸೆ. ಕ್ಷತ್ರಿಯನಾದ ಗೃಹಸ್ಥನಿಗೆ ಅದು ನಿಷಿದ್ಧವಲ್ಲ. ಆದರೂ ಒಂದು ಅಂತರವನ್ನು ಮರೆಯಬಾರದು. ಸಳನ ಕಥೆಯಲ್ಲಿ ಮೃಗದ ಸಾವಿನಿಂದ ಒಂದು ರಾಜ್ಯವು ಹುಟ್ಟಿತು. ಆ ರಾಜ್ಯವು ಹದಿನಾಲ್ಕನೆಯ ಶತಮಾನದಲ್ಲಿ ಅಳಿಯಿತು. ಪುರಾಣದ ಕಥೆಯಲ್ಲಿ ಮೃಗದ ಪರಿವರ್ತನೆಯಿಂದ ಒಂದು ತೀರ್ಥವು ಹುಟ್ಟಿತು. ಅದು ಇಂದಿಗೂ ನಡೆಯುತ್ತಿದೆ.

ಕೂಷ್ಮಾಂಡಿನಿಯ ವಾಹನ

ಭಗವಾನ್ ನೇಮಿನಾಥರ ಶಾಸನದೇವತೆಯಾದ ಕೂಷ್ಮಾಂಡಿನೀ ದೇವಿಗೆ, ಅಂದರೆ ಅಂಬಿಕೆಗೆ, ಸಿಂಹವೇ ವಾಹನ. ಐಹೊಳೆಯ ಮೇಗುಟಿಯಲ್ಲಿ ದೊರೆತ ಅಂಬಿಕೆಯ ಪ್ರಾಚೀನ ಶಿಲ್ಪದಲ್ಲಿಯೂ, ಎಲ್ಲೋರದ ಇಂದ್ರಸಭೆಯೆಂಬ ಜೈನಗುಹೆಯಲ್ಲಿ ಮಾವಿನ ಮರದಡಿ ಕುಳಿತ ದೇವಿಯ ಬಳಿಯಲ್ಲಿಯೂ ಸಿಂಹವಿದೆ. ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯು ಈ ದೇವಿಯೇ ಎಂದು ನಮ್ಮ ಹಿರಿಯರ ನಂಬಿಕೆ.

ಈ ಸಿಂಹಕ್ಕೂ ಒಂದು ಹಿಂದಿನ ಭವವಿದೆ. ಅಗ್ನಿಲೆಯೆಂಬ ಸಾಧ್ವಿಯು ಶ್ರಾದ್ಧದ ದಿನ ಜೈನಮುನಿಗೆ ಆಹಾರದಾನ ಮಾಡಿದಳೆಂದು ಅವಳ ಗಂಡ ಸೋಮಶರ್ಮನು ಕೋಪಗೊಂಡು ಅವಳನ್ನು ಮನೆಯಿಂದ ಹೊರಹಾಕಿದನು. ಅವಳು ಇಬ್ಬರು ಮಕ್ಕಳೊಡನೆ ಊರ್ಜಯಂತಗಿರಿಯನ್ನು ಸೇರಿದಳು. ಗಂಡನು ಪಶ್ಚಾತ್ತಾಪದಿಂದ ಹುಡುಕಿ ಬಂದಾಗ, ಹೊಡೆಯಲು ಬಂದನೆಂದು ಹೆದರಿ ಬೆಟ್ಟದಿಂದ ಬಿದ್ದು ಪ್ರಾಣಬಿಟ್ಟು ಯಕ್ಷಿಯಾದಳು. ಗಂಡನೂ ಸತ್ತು ಅವಳಿಗೆ ಸಿಂಹವಾಹನವಾದನು. ದಾನಮಾಡಿದ ಹೆಂಡತಿಯನ್ನು ಗದರಿದವನು ಅವಳನ್ನೇ ಹೊರಬೇಕಾಯಿತು. ಮನೆಯ ಗೃಹಿಣಿಯ ದಾನಧರ್ಮಕ್ಕೆ ಅಡ್ಡಬರುವ ಗೃಹಸ್ಥರು ಈ ಕಥೆಯನ್ನು ನೆನೆಯುವುದು ಒಳ್ಳೆಯದು.

ಆ ಊರ್ಜಯಂತವೇ ಇಂದಿನ ಗಿರ್ನಾರ್. ಹಿಂದೆ ಉತ್ತರಭಾರತದಲ್ಲೆಲ್ಲ ಸಂಚರಿಸುತ್ತಿದ್ದ ಸಿಂಹಗಳು ಬಂದೂಕಿನ ಬೇಟೆಗೆ ತುತ್ತಾಗಿ, ಹತ್ತೊಂಬತ್ತನೆಯ ಶತಮಾನವು ಮುಗಿಯುವ ಹೊತ್ತಿಗೆ ಸೌರಾಷ್ಟ್ರದಲ್ಲಿ ಮಾತ್ರ ಉಳಿದವು. ಜುನಾಗಢದ ನವಾಬರು ಅವುಗಳಿಗೆ ರಕ್ಷಣೆಯಿತ್ತರು. ೧೯೬೫ರಲ್ಲಿ ಗಿರ್ ಅರಣ್ಯವು ಅಭಯಾರಣ್ಯವಾಯಿತು. ೨೦೨೦ರಲ್ಲಿ ೬೭೪ ಎಂದು ಅಂದಾಜಾಗಿದ್ದ ಅವುಗಳ ಸಂಖ್ಯೆ ೨೦೨೫ರ ಗಣನೆಯಲ್ಲಿ ೮೯೧ಕ್ಕೆ ಏರಿದೆ. ನೇಮಿನಾಥರು ಮೋಕ್ಷಕ್ಕೆ ಸಂದ ಗಿರ್ನಾರಿನ ಕಾಡಿನಲ್ಲಿಯೂ ಅವು ವಾಸಿಸುತ್ತಿವೆ. ವಧೆಗೆಂದು ಕೂಡಿಹಾಕಿದ್ದ ಪ್ರಾಣಿಗಳ ಕೂಗನ್ನು ಕೇಳಿ ವಿವಾಹಮಂಟಪದಿಂದ ಹಿಂದಿರುಗಿದ ಭಗವಂತನ ಬೆಟ್ಟದ ಬುಡದಲ್ಲಿ ಈ ಸಂತತಿಯು ಉಳಿದಿರುವುದು ಸಂತೋಷದ ಸಂಗತಿ.

ಸಿಂಹದ ನಡಿಗೆ

ನಮ್ಮ ವ್ರತಗಳಲ್ಲಿಯೂ ಸಿಂಹವಿದೆ. ಶಕವರ್ಷ ೭೦೫ರ, ಅಂದರೆ ಕ್ರಿ.ಶ. ೭೮೩ರ, ಹರಿವಂಶಪುರಾಣದಲ್ಲಿ ಜಿನಸೇನಾಚಾರ್ಯರು ಸಿಂಹನಿಷ್ಕ್ರೀಡಿತವೆಂಬ ಉಪವಾಸವಿಧಿಯನ್ನು ವಿವರಿಸಿದ್ದಾರೆ. ಅದರ ಲಘುವಿಧಿಯು ಹೀಗಿದೆ. ಒಂದು ಉಪವಾಸ, ಪಾರಣೆ, ಎರಡು ಉಪವಾಸ, ಪಾರಣೆ, ಮತ್ತೆ ಒಂದು, ಅನಂತರ ಮೂರು, ಎರಡು, ನಾಲ್ಕು, ಮೂರು, ಐದು, ನಾಲ್ಕು, ಐದು. ಅಲ್ಲಿಂದ ಅದೇ ಕ್ರಮದಲ್ಲಿ ಇಳಿದುಬರಬೇಕು. ಒಟ್ಟು ಅರುವತ್ತು ಉಪವಾಸ, ಇಪ್ಪತ್ತು ಪಾರಣೆ, ಎಂಬತ್ತು ದಿನ. ಸಿಂಹವು ಮುಂದೆ ಹೆಜ್ಜೆಯಿಟ್ಟು ಹಿಂದಿರುಗಿ ನೋಡುವಂತೆ ಈ ವ್ರತವೂ ಮುಂದೆ ಹೋಗಿ, ಒಂದು ಮೆಟ್ಟಲು ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತದೆ. ವರ್ಷಕ್ಕೊಮ್ಮೆ ಖಾತೆಕಿರ್ದಿಗಳನ್ನು ತಿರುವಿ ನೋಡುವ ವರ್ತಕರಿಗೆ ಸಿಂಹಾವಲೋಕನದ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ. ಹಿಂದಿನದನ್ನು ನೋಡದೆ ಮುಂದೆ ನಡೆದವನ ಲೆಕ್ಕವು ಅಂಗಡಿಯಲ್ಲಿಯೂ ತಪ್ಪುತ್ತದೆ, ಆತ್ಮದಲ್ಲಿಯೂ ತಪ್ಪುತ್ತದೆ.

ನಮಗೆ ಉಳಿದ ಪಾಠ

ಸಮವಸರಣದ ಚಿತ್ರಗಳಲ್ಲಿ ಸಿಂಹವೂ ಹಸುವೂ ಒಂದೇ ತೊಟ್ಟಿಯಲ್ಲಿ ನೀರು ಕುಡಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದರ ಕೆಳಗೆ ನಿಂತು ಕೈಮುಗಿದಿದ್ದೇವೆ. ಆದರೆ ನಮ್ಮ ಸಮಾಜದಲ್ಲಿ ಆಚಾರದಿಂದ ಜಾರಿದವನನ್ನು, ವ್ಯಸನಕ್ಕೆ ಬಿದ್ದವನನ್ನು, ಪರಸ್ಥಳಕ್ಕೆ ಹೋಗಿ ಬಸದಿಯ ದಾರಿಯನ್ನು ಮರೆತ ಯುವಕನನ್ನು ನಾವು ಹೇಗೆ ಕಾಣುತ್ತೇವೆ? ಅವನು ಬಂದರೆ ಹಳೆಯ ಮಾತುಗಳನ್ನು ಎತ್ತಿ ಆಡುತ್ತೇವೆ. ಬಾರದಿದ್ದರೆ ಅವನು ಕೆಟ್ಟನೆಂದು ಕೈತೊಳೆದುಕೊಳ್ಳುತ್ತೇವೆ.

ಚಾರಣಮುನಿಗಳು ಹಾಗೆ ಮಾಡಲಿಲ್ಲ. ಸಿಂಹವು ಶುದ್ಧವಾಗಲಿ, ಅನಂತರ ಬರೋಣವೆಂದು ಅವರು ಕಾಯಲಿಲ್ಲ. ಜಿಂಕೆಯ ರಕ್ತವು ಅದರ ಬಾಯಲ್ಲಿ ಇರುವಾಗಲೇ ಇಳಿದುಬಂದರು. ಬೈಯದೆ, ಹೆದರದೆ, ಅದರೊಳಗಿದ್ದ ತೀರ್ಥಂಕರನೊಡನೆ ಮಾತನಾಡಿದರು. ಅಂದು ಅವರು ಮೇಲಿನಿಂದಲೇ ಹಾದುಹೋಗಿದ್ದರೆ ಆ ಜೀವಕ್ಕೆ ದಾರಿ ತೋರುವವರು ಯಾರಿದ್ದರು?

ಈ ಪ್ರತಿಷ್ಠಾ ಮಹೋತ್ಸವದಲ್ಲಿ ಕಲ್ಲು ಬಿಂಬವಾಗುತ್ತದೆ. ಬಿಂಬಕ್ಕೆ ಪೂಜ್ಯತೆ ಬರುತ್ತದೆ. ಪೀಠದ ಸಿಂಹದ ಮುಂದೆ ತಲೆಬಾಗುವಾಗ, ಯಾವ ಜೀವವೂ ಧರ್ಮಕ್ಕೆ ಅನರ್ಹವಲ್ಲವೆಂಬ ಮಾತನ್ನು ನೆನೆಯೋಣ. ದೂರವಾದ ಒಬ್ಬ ಬಂಧುವನ್ನಾದರೂ ಕೈಹಿಡಿದು ಈ ಬಸದಿಗೆ ಕರೆತರುವ ಸಂಕಲ್ಪವನ್ನು ಪ್ರತಿಯೊಂದು ಮನೆಯೂ ಮಾಡಲಿ. ಸಕಲ ಜೀವರಾಶಿಗೂ ಮಂಗಳವಾಗಲಿ.