ಅನಿಶ್ಚಿತ ಸರ್ವನಾಮ ಮತ್ತು ಮೋಡಲ್ ಕ್ರಿಯೆ: ತಿಪಟೂರು ಸೀಮೆಯ ಮಾತನ್ನು ಮುಂದಿಟ್ಟುಕೊಂಡು ಒಂದು ತೌಲನಿಕ ಅಧ್ಯಯನ

ಸಾರಾಂಶ

ಇಂಗ್ಲಿಷಿನ ‘ಸಮ್‌ಒನ್’, ‘ಎನಿಒನ್’, ‘ನೋಒನ್’ ಪದಗಳು ‘ಕ್ಯಾನ್’, ‘ಮೇ’, ‘ಮಸ್ಟ್’ ಜೊತೆ ಸೇರಿದಾಗ ಒಂದೇ ವಾಕ್ಯ ಎರಡು ಅರ್ಥ ಕೊಡುವುದುಂಟು. ಕನ್ನಡ ಈ ಹೊರೆಯನ್ನು ಯಾರೋ, ಯಾರಾದರೂ, ಯಾರು ಬೇಕಾದರೂ, ಯಾರೇ ಆಗಲಿ, ಯಾರೂ ಎಂಬ ಐದು ರೂಪಗಳಿಗೆ ಹಂಚಿಕೊಟ್ಟಿದೆ. ಹೌದೆನ್ನುವ ವಾಕ್ಯಗಳಲ್ಲಿ ಅರ್ಥಭೇದವನ್ನು ಸರ್ವನಾಮ ತೋರಿಸುತ್ತದೆ, ಅಲ್ಲವೆನ್ನುವ ವಾಕ್ಯಗಳಲ್ಲಿ ಕ್ರಿಯೆ ತೋರಿಸುತ್ತದೆ ಎಂಬುದು ಈ ಲೇಖನದ ವಾದ. ಕನ್ನಡದ ಮಕ್ಕಳು ಇಂಗ್ಲಿಷ್ ಬರೆಯುವಾಗ ಮಾಡುವ ಒಂದು ತಪ್ಪಿನ ಮೂಲವೂ ಇಲ್ಲೇ ಇದೆ.

ಪ್ರಮುಖ ಪದಗಳು: ಅನಿಶ್ಚಿತ ಸರ್ವನಾಮ, ಮೋಡಲ್ ಕ್ರಿಯೆ, ನಿಷೇಧ, ವ್ಯಾಪ್ತಿ, ಕನ್ನಡ, ಇಂಗ್ಲಿಷ್

1. ಪೀಠಿಕೆ

ನಮ್ಮ ಶಾಲಾ ವ್ಯಾಕರಣಗಳು ಸರ್ವನಾಮವನ್ನು ಪುರುಷಾರ್ಥಕ, ಆತ್ಮಾರ್ಥಕ, ಪ್ರಶ್ನಾರ್ಥಕ ಎಂದು ಮೂರು ಬಗೆಯಾಗಿ ಹೇಳಿ ಮುಗಿಸುತ್ತವೆ. ‘ಯಾರೋ’, ‘ಯಾರಾದರೂ’ ಎಂಬುವಕ್ಕೆ ಅಲ್ಲಿ ಪ್ರತ್ಯೇಕ ಮನೆಯಿಲ್ಲ. ರೂಪದ ದೃಷ್ಟಿಯಿಂದ ಇದು ಸರಿಯೇ, ಏಕೆಂದರೆ ಇವೆಲ್ಲ ಪ್ರಶ್ನಾರ್ಥಕ ‘ಯಾರು’ವಿನಿಂದಲೇ ಹುಟ್ಟಿವೆ. ಬಳಕೆಯಲ್ಲಿ ಮಾತ್ರ ಇವು ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಮಾರ್ಟಿನ್ ಹಾಸ್ಪೆಲ್‌ಮಾತ್ 1997ರ ತಮ್ಮ ಗ್ರಂಥದಲ್ಲಿ ಕನ್ನಡವೂ ಸೇರಿ 40 ಭಾಷೆಗಳ ಅನಿಶ್ಚಿತ ಸರ್ವನಾಮಗಳನ್ನು ಹೋಲಿಸಿ, ಅವುಗಳ ಕೆಲಸವನ್ನು ಒಂಬತ್ತು ಬಗೆಯಾಗಿ ವಿಂಗಡಿಸಿದರು. ಆ ಒಂಬತ್ತರಲ್ಲಿ ಮೋಡಲ್ ಕ್ರಿಯೆಯೊಡನೆ ನೇರ ಸಂಬಂಧವಿರುವ ಕೆಲವನ್ನಷ್ಟೇ ಇಲ್ಲಿ ಎತ್ತಿಕೊಂಡಿದೆ.

ಉದಾಹರಣೆಗಳೆಲ್ಲ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗು ಮತ್ತು ಕೊಬ್ಬರಿ ವ್ಯವಹಾರವನ್ನು ಕಣ್ಣಮುಂದಿಟ್ಟುಕೊಂಡು ವಾದಕ್ಕಾಗಿ ರಚಿಸಿದವು. ಒಪ್ಪದ ವಾಕ್ಯದ ಮುಂದೆ ನಕ್ಷತ್ರ ಚಿಹ್ನೆ ಇದೆ. ಇಂಗ್ಲಿಷ್ ಮತ್ತು ಕನ್ನಡವನ್ನು ಅಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಈ ಸೀಮೆಗೆ ಹೊಸದಲ್ಲ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು ‘ಇಂಗ್ಲಿಷ್ ಗೀತಗಳು’ ಕೊಟ್ಟ ಬಿ.ಎಂ.ಶ್ರೀ. ಹುಟ್ಟಿದ್ದು ತುರುವೇಕೆರೆಯ ಸಂಪಿಗೆಯಲ್ಲಿ. ‘ಕನ್ನಡ ಮಧ್ಯಮ ವ್ಯಾಕರಣ’ ಬರೆದ ತೀ.ನಂ.ಶ್ರೀ. ಚಿಕ್ಕನಾಯಕನಹಳ್ಳಿಯ ತೀರ್ಥಪುರದವರು.

2. ‘ಯಾರೋ’ ಮತ್ತು ‘ಯಾರಾದರೂ’

(1) ಯಾರೋ ಕೊಬ್ಬರಿ ತಂದಿದ್ದಾರೆ.
(2) *ಯಾರಾದರೂ ಕೊಬ್ಬರಿ ತಂದಿದ್ದಾರೆ.
(3) ಯಾರಾದರೂ ಕೊಬ್ಬರಿ ತಂದಿರಬಹುದು.

ನಡೆದುಹೋದ ಸಂಗತಿಯನ್ನು ಖಚಿತವಾಗಿ ಹೇಳುವಾಗ ‘ಯಾರಾದರೂ’ ನಿಲ್ಲುವುದಿಲ್ಲ. ‘ಬಹುದು’ ಸೇರಿದೊಡನೆ ನಿಲ್ಲುತ್ತದೆ. ಪ್ರಶ್ನೆಯೂ (‘ಯಾರಾದರೂ ತಂದಿದ್ದಾರಾ?’), ‘ರೆ’ ಪ್ರತ್ಯಯವೂ (‘ಯಾರಾದರೂ ತಂದರೆ’) ಅದಕ್ಕೆ ಇಂಬು ಕೊಡುತ್ತವೆ. ಶಾಲೆಯಲ್ಲಿ ಕಲಿಯುವ ಸಂಭಾವನಾರ್ಥಕ ರೂಪವೂ ಅಷ್ಟೇ. ಮರದ ಮೇಲಿಂದ ಕಾಯಿ ಕೆಡವುವಾಗ ‘ಕೆಳಗೆ ಯಾರಾದರೂ ನಿಂತಾರು, ನೋಡಿಕೊಳ್ಳಿ’ ಎಂದು ಎಚ್ಚರಿಸುತ್ತಾರೆ. ಒಟ್ಟಿನಲ್ಲಿ, ಇನ್ನೂ ನಿಜವಾಗದ ಅಥವಾ ನಿಜವೋ ಎಂದು ತಿಳಿಯದ ಸ್ಥಿತಿಯೇ ‘ಯಾರಾದರೂ’ ರೂಪದ ನೆಲೆ.

‘ಬೇಕು’ ಬಂದಾಗ ವ್ಯತ್ಯಾಸ ಇನ್ನೂ ನಿಚ್ಚಳ.

(4) ಕಾಯಿ ಕೀಳೋದಕ್ಕೆ ಯಾರೋ ಬರಬೇಕು.
(5) ಕಾಯಿ ಕೀಳೋದಕ್ಕೆ ಯಾರಾದರೂ ಬರಬೇಕು.

ನಾಲ್ಕನೆಯದರಲ್ಲಿ ಬರಬೇಕಾದವನು ಗೊತ್ತಾದ ಒಬ್ಬ ಆಳು. ಹೇಳುವವನಿಗೆ ಅವನ ಹೆಸರು ತಿಳಿಯದು, ಅಥವಾ ಹೇಳುವ ಅಗತ್ಯ ಕಂಡಿಲ್ಲ. ಆ ಆಳು ಬರುವತನಕ ಕೆಲಸ ನಿಂತಿರುತ್ತದೆ. ಐದನೆಯದರಲ್ಲಿ ಆಳು ಗೊತ್ತಾಗಿಲ್ಲ, ಮರ ಹತ್ತಬಲ್ಲ ಒಬ್ಬ ಸಿಕ್ಕರೆ ಸಾಕು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಸಮ್‌ಒನ್ ಮಸ್ಟ್ ಕಮ್’ ಎಂಬ ಒಂದೇ ವಾಕ್ಯ ಸಾಕಾಗುತ್ತದೆ. ತರ್ಕದ ಭಾಷೆಯಲ್ಲಿ ಹೇಳುವುದಾದರೆ, ‘ಯಾರೋ’ ಮೋಡಲ್‌ನ ವ್ಯಾಪ್ತಿಯಿಂದ ಹೊರಗೆ ನಿಲ್ಲುತ್ತದೆ, ‘ಯಾರಾದರೂ’ ಒಳಗೆ ನಿಲ್ಲುತ್ತದೆ. ಇಂಗ್ಲಿಷ್ ಓದುಗ ಸಂದರ್ಭದಿಂದ ಊಹಿಸಿಕೊಳ್ಳುವ ಈ ವ್ಯಾಪ್ತಿಭೇದ ಕನ್ನಡದಲ್ಲಿ ಪ್ರತ್ಯಯದಲ್ಲೇ ಕೇಳಿಸುತ್ತದೆ.

3. ‘ಯಾರು ಬೇಕಾದರೂ’ ಮತ್ತು ‘ಯಾರೇ ಆಗಲಿ’

‘ಯಾರಾದರೂ ಬರಬಹುದು’ ಎಂಬಲ್ಲಿ ಕನ್ನಡಕ್ಕೂ ಎರಡರ್ಥ ಉಳಿದಿದೆ: ಒಬ್ಬರು ಬರುವ ಸಂಭವವಿದೆ ಎಂಬುದು ಒಂದು, ಬರಲು ಎಲ್ಲರಿಗೂ ಅನುಮತಿಯಿದೆ ಎಂಬುದು ಇನ್ನೊಂದು. ಎರಡನೆಯ ಅರ್ಥವನ್ನು ಬಿಡಿಸಿ ಹೇಳಲು ‘ಯಾರು ಬೇಕಾದರೂ’ ಇದೆ.

(6) ಯಾರು ಬೇಕಾದರೂ ಮಾರುಕಟ್ಟೆಗೆ ಕೊಬ್ಬರಿ ತರಬಹುದು.
(7) *ಯಾರು ಬೇಕಾದರೂ ಮಾರುಕಟ್ಟೆಗೆ ಕೊಬ್ಬರಿ ತರಬೇಕು.

ಈ ರೂಪದ ಒಡಲಿನಲ್ಲೇ ‘ಬೇಕು’ ಎಂಬ ಮೋಡಲ್ ಅಡಗಿರುವುದು ಗಮನಾರ್ಹ. ಬಯಕೆಯನ್ನು ಸೂಚಿಸುವ ಕ್ರಿಯೆ ಹೀಗೆ ಸರ್ವನಾಮದ ಅಂಗವಾಗುವುದು ಬೇರೆಡೆಯೂ ಉಂಟು. ಲ್ಯಾಟಿನ್ನಿನ ‘ಕ್ವಿವಿಸ್’ ಪದದ ‘ವಿಸ್’ ಭಾಗಕ್ಕೆ ‘ನೀನು ಬಯಸುವೆ’ ಎಂದೇ ಅರ್ಥ. ಆಯ್ಕೆ ಕೇಳುಗನಿಗೆ ಬಿಟ್ಟದ್ದು ಎಂಬ ಭಾವ ಇಲ್ಲಿದೆ. ಇಂಗ್ಲಿಷಿನ ‘ಎನಿ’ಯ ತಿರುಳು ಆಯ್ಕೆಯ ಸ್ವಾತಂತ್ರ್ಯ ಎಂದು ಝೀನೋ ವೆಂಡ್ಲರ್ 1962ರಲ್ಲೇ ವಾದಿಸಿದ್ದರು. ಆಯ್ಕೆ ಬಿಟ್ಟುಕೊಡುವ ಮಾತು ‘ಬಹುದು’ವಿನೊಡನೆ ಹೊಂದುತ್ತದೆ, ಕಡ್ಡಾಯ ಮಾಡುವ ‘ಬೇಕು’ವಿನೊಡನೆ ಹೊಂದುವುದಿಲ್ಲ. ‘ಎನಿಒನ್ ಕ್ಯಾನ್ ಕಮ್’ ಸಲೀಸಾಗಿದ್ದು, ‘ಎನಿಒನ್ ಮಸ್ಟ್ ಕಮ್’ ಕಿವಿಗೆ ಒಗ್ಗದಿರುವುದಕ್ಕೂ ಇದೇ ಕಾರಣ.

ಆದರೆ ‘ಎನಿಒನ್ ಹೂ ಬ್ರಿಂಗ್ಸ್ ಕೊಪ್ರಾ ಮಸ್ಟ್ ಗೆಟ್ ಇಟ್ ವೆಯ್ಡ್’ ಎಂಬುದು ಸರಿಯಾದ ಇಂಗ್ಲಿಷ್. ವಿಶೇಷಣ ವಾಕ್ಯ ಸೇರಿದಾಗ ‘ಮಸ್ಟ್’ ಕೂಡ ‘ಎನಿ’ಯನ್ನು ತಾಳಿಕೊಳ್ಳುತ್ತದೆ. ಕನ್ನಡ ಇಲ್ಲಿ ರೂಪವನ್ನೇ ಬದಲಿಸುತ್ತದೆ:

(8) ಕೊಬ್ಬರಿ ತಂದವರು ಯಾರೇ ಆಗಲಿ ತೂಕ ಹಾಕಿಸಬೇಕು.

‘ಆಗಲಿ’ ಎಂಬುದು ವಿಧ್ಯರ್ಥಕ ರೂಪ. ತಂದವರು ಇವರೋ ಅವರೋ, ನಿಯಮ ಬದಲಾಗದು ಎಂಬ ಅರ್ಥವನ್ನು ಅದು ಕೊಡುತ್ತದೆ. ಹೀಗೆ ಅನುಮತಿಯ ಪಕ್ಕಕ್ಕೆ ‘ಬೇಕಾದರೂ’, ಕಡ್ಡಾಯದ ಪಕ್ಕಕ್ಕೆ ‘ಆಗಲಿ’ ಸೇರಿ ಎರಡು ಜೋಡಿಗಳಾಗಿವೆ. ಇಂಗ್ಲಿಷ್ ಎರಡೂ ಕಡೆ ‘ಎನಿಒನ್’ ಒಂದನ್ನೇ ದುಡಿಸಿಕೊಳ್ಳುತ್ತದೆ.

4. ನಿಷೇಧ

‘ಯಾರೂ’ ನಿಷೇಧವಿಲ್ಲದೆ ಬಾಳದು. ಅದರ ಮುಂದೆ ಬರುವ ಕ್ರಿಯೆಯೇ ಅರ್ಥವನ್ನು ನಿರ್ಣಯಿಸುತ್ತದೆ.

(9) ಯಾರೂ ಬರಬಾರದು. (ತಡೆ)
(10) ಯಾರೂ ಬರಬೇಕಾಗಿಲ್ಲ. (ಅಗತ್ಯವಿಲ್ಲ)
(11) ಯಾರೂ ಬರಲಾರರು. (ಅಸಾಧ್ಯ)
(12) ಯಾರೂ ಬರದೆ ಇರಬಹುದು. (ಸಂಭವ)

ಇಂಗ್ಲಿಷಿನ ‘ನೋಒನ್ ಮೇ ಕಮ್’ ಒಂಬತ್ತನೆಯದೂ ಆಗಬಹುದು, ಹನ್ನೆರಡನೆಯದೂ ಆಗಬಹುದು. ಕನ್ನಡದಲ್ಲಿ ಆ ಗೊಂದಲಕ್ಕೆ ಎಡೆಯಿಲ್ಲ. ‘ಬಾರದು’ ಎಂಬಲ್ಲಿ ನಿಷೇಧವೂ ಮೋಡಲ್ಲೂ ಒಂದಾಗಿ ಬೆಸೆದಿವೆ. ‘ಬರದೆ ಇರಬಹುದು’ ಎಂಬಲ್ಲಿ ನಿಷೇಧ ಮೊದಲು ಮುಖ್ಯಕ್ರಿಯೆಗೆ ತಗುಲಿ, ಮೋಡಲ್ ಆಮೇಲೆ ಬರುತ್ತದೆ.

ಈ ಬೆಸುಗೆಯ ಬಲವನ್ನು ಪರೀಕ್ಷಿಸಲು ಎಪಿಎಂಸಿ ಪ್ರಾಂಗಣದ ಒಂದು ನಿಯಮವನ್ನು ನೋಡೋಣ. ಅಲ್ಲಿ ಖರೀದಿದಾರನಾಗಲು ಪರವಾನಗಿ ಇರಬೇಕು.

(13) ಯಾರು ಬೇಕಾದರೂ ಖರೀದಿಸುವ ಹಾಗಿಲ್ಲ.
(14) ಯಾರೂ ಖರೀದಿಸುವ ಹಾಗಿಲ್ಲ.
(15) *ಯಾರು ಬೇಕಾದರೂ ಖರೀದಿಸಬಾರದು.

ಹದಿಮೂರನೆಯದು ಪರವಾನಗಿ ಇಲ್ಲದವರನ್ನು ಮಾತ್ರ ತಡೆಯುತ್ತದೆ, ವ್ಯಾಪಾರ ನಡೆಯುತ್ತಲೇ ಇರುತ್ತದೆ. ಹದಿನಾಲ್ಕನೆಯದನ್ನು ಹೇಳಿದರೆ ಮಾರುಕಟ್ಟೆಯೇ ಬಂದ್. ‘ಹಾಗಿಲ್ಲ’ದೊಳಗಿನ ‘ಇಲ್ಲ’ ಬಿಡಿಯಾಗಿರುವುದರಿಂದ ‘ಯಾರು ಬೇಕಾದರೂ ಖರೀದಿಸುವ ಹಾಗೆ’ ಎಂಬ ಇಡೀ ಅನುಮತಿಯನ್ನೇ ಅದು ಅಲ್ಲಗಳೆಯಬಲ್ಲದು. ‘ಬಾರದು’ವಿನ ನಿಷೇಧವನ್ನು ಹಾಗೆ ಬಿಡಿಸಿ ಹೊರಗಿಡಲಾಗದು, ಆದ್ದರಿಂದ ಹದಿನೈದನೆಯದು ತೊಡರುತ್ತದೆ.

5. ತರಗತಿಯ ಇಂಗ್ಲಿಷ್

‘ಯಾರೂ ಖರೀದಿಸುವ ಹಾಗಿಲ್ಲ’ ಎಂಬುದನ್ನು ಕನ್ನಡ ಮಾಧ್ಯಮದ ವಿದ್ಯಾರ್ಥಿ ‘ಎನಿಒನ್ ಕೆನಾಟ್ ಬೈ’ ಎಂದು ಬರೆಯುವುದು ಅಪರೂಪವೇನಲ್ಲ. ಇದನ್ನು ಪದಸಂಪತ್ತಿನ ಕೊರತೆ ಎನ್ನಲಾಗದು. ‘ಯಾರೂ’ಗೆ ‘ಎನಿಒನ್’, ‘ಹಾಗಿಲ್ಲ’ಕ್ಕೆ ‘ಕೆನಾಟ್’ ಎಂದು ಆತ ಸರಿಯಾಗಿಯೇ ಜೋಡಿಸಿದ್ದಾನೆ. ಕನ್ನಡದಲ್ಲಿ ಕ್ರಿಯೆ ವಾಕ್ಯದ ಕೊನೆಗೆ ಬರುವುದರಿಂದ ನಿಷೇಧಕ್ಕೆ ಮುಂಚೆಯೇ ‘ಯಾರೂ’ ಬರುವುದು ಸಹಜ. ಇಂಗ್ಲಿಷಿನಲ್ಲಿ ನಿಷೇಧದ ಆಸರೆ ಬೇಕಾದ ‘ಎನಿ’ ನಿಷೇಧದ ನಂತರವೇ ಬರಬೇಕು. ‘ಐ ಕೆನಾಟ್ ಸೀ ಎನಿಒನ್’ ಸರಿ. ಕರ್ತೃಸ್ಥಾನದಲ್ಲಾದರೆ ನಿಷೇಧವನ್ನು ಸರ್ವನಾಮದೊಳಗೇ ಇಟ್ಟು ‘ನೋಒನ್ ಕ್ಯಾನ್ ಬೈ’ ಎನ್ನಬೇಕಾಗುತ್ತದೆ. ಹದಿಮೂರನೆಯ ವಾಕ್ಯದ ಅರ್ಥಕ್ಕೆ ‘ನಾಟ್ ಜಸ್ಟ್ ಎನಿಒನ್ ಕ್ಯಾನ್ ಬೈ’ ಎಂಬ ಬೇರೆಯೇ ರಚನೆ ಇದೆ.

6. ಉಪಸಂಹಾರ

ಕನ್ನಡದ ಅನಿಶ್ಚಿತ ಸರ್ವನಾಮಗಳ ಅರ್ಥವನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡಿದರೆ ಸಾಲದು. ‘ಬಹುದು’, ‘ಬೇಕು’, ‘ಬಾರದು’, ‘ಹಾಗಿಲ್ಲ’ ಇವುಗಳಲ್ಲಿ ಯಾವುದು ಯಾರೊಡನೆ ಕೂಡುತ್ತದೆ, ಯಾರೊಡನೆ ಕೂಡದು ಎಂಬುದೇ ಅವುಗಳ ವ್ಯಾಕರಣ. ಇಂಗ್ಲಿಷ್ ಪಾಠಪುಸ್ತಕಗಳು ಸರ್ವನಾಮಕ್ಕೊಂದು, ಮೋಡಲ್ ಕ್ರಿಯೆಗೊಂದು ಅಧ್ಯಾಯ ಇಡುವ ರೂಢಿಯಿದೆ. ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಮಗುವಿಗೆ ಇವನ್ನು ಜೋಡಿಯಾಗಿ ಕಲಿಸುವುದು ಮೇಲು. ‘ಯಾರೂ... ಇಲ್ಲ’ ಎಂಬುದರ ಎದುರಿಗೆ ‘ನೋಒನ್ ಕ್ಯಾನ್’ ಎಂಬ ಇಡೀ ಜೋಡಿಯನ್ನು ಇಟ್ಟರೆ ‘ಎನಿಒನ್ ಕೆನಾಟ್’ ಎಂದು ಬರೆಯಲು ಕಾರಣವೇ ಉಳಿಯುವುದಿಲ್ಲ. ಏನು, ಎಲ್ಲಿ, ಯಾವಾಗ ಎಂಬ ಪದಗಳಿಂದ ಹುಟ್ಟಿದ ರೂಪಗಳನ್ನೂ ಇದೇ ಒರೆಗೆ ಹಚ್ಚುವುದು ಮುಂದಿನ ಕೆಲಸ.