ನಕ್ಷತ್ರವನ್ನು ಅಳೆಯಹೊರಟವರು

ರಾತ್ರಿಯ ಆಕಾಶದ ತಾರೆಗಳಲ್ಲೆಲ್ಲ ಲುಬ್ಧಕವು ಅತ್ಯಂತ ಉಜ್ಜ್ವಲವಾದುದು. ಆದರೂ ಕಳೆದ ಶತಮಾನದ ನಡುಗಾಲದವರೆಗೆ ಅದರ ಗಾತ್ರವನ್ನು ಅಳೆದವರಿರಲಿಲ್ಲ. ಯಾವ ದೂರದರ್ಶಕದಲ್ಲಿಯೂ ಅದು ಬರಿಯ ಬಿಂದು. ಅದನ್ನು ಅಳೆಯಹೊರಟ ಪ್ರಯತ್ನವೊಂದು ಬೆಳಕಿನ ಸ್ವರೂಪವನ್ನು ಕುರಿತ ದೊಡ್ಡ ವಿವಾದಕ್ಕೆ ಕಾರಣವಾಯಿತು.

1916ರಲ್ಲಿ ನೀಲಗಿರಿಯ ಅರುವಂಕಾಡಿನಲ್ಲಿ ಜನಿಸಿದ ರಾಬರ್ಟ್ ಹ್ಯಾನ್‌ಬರಿ ಬ್ರೌನ್ ಯುದ್ಧಕಾಲದಲ್ಲಿ ರೇಡಾರ್ ತಜ್ಞರಾಗಿದ್ದವರು. ಗಣಿತಜ್ಞ ರಿಚರ್ಡ್ ಟ್ವಿಸ್ ಅವರೊಡನೆ ಅವರೊಂದು ಉಪಾಯವನ್ನು ಕಂಡರು. ತಾರೆಯ ಬೆಳಕನ್ನು ದೂರದೂರದ ಎರಡು ಕನ್ನಡಿಗಳಲ್ಲಿ ಹಿಡಿದು, ಅದರ ತೀವ್ರತೆಯ ಸೂಕ್ಷ್ಮ ಏರಿಳಿತಗಳನ್ನು ಹೋಲಿಸುವುದು. ಕನ್ನಡಿಗಳು ದೂರ ಸರಿದಂತೆ ಏರಿಳಿತಗಳ ಹೊಂದಾಣಿಕೆ ಕುಗ್ಗುತ್ತದೆ. ಕುಗ್ಗುವ ಪರಿಯಿಂದ ತಾರೆಯ ಗಾತ್ರವನ್ನು ಲೆಕ್ಕಹಾಕಬಹುದು.

ಬೆಳಕು ಫೋಟಾನುಗಳೆಂಬ ಕಣಗಳಾಗಿ ಬರುತ್ತದೆಯಷ್ಟೆ. ಬೇರೆಬೇರೆ ಪರಮಾಣುಗಳಿಂದ ಹೊರಟ ಕಣಗಳು ಜೊತೆಗೂಡಿ ಬರುವುದೆಂತು ಎಂದು ಭೌತಶಾಸ್ತ್ರಜ್ಞರು ಕೇಳಿದರು. 1956ರ ಜನವರಿಯಲ್ಲಿ ಇವರಿಬ್ಬರು ಪಾದರಸದ ದೀಪದ ಬೆಳಕನ್ನು ಅರೆಗನ್ನಡಿಯಿಂದ ಇಬ್ಭಾಗಿಸಿ, ಆ ಹೊಂದಾಣಿಕೆಯನ್ನು ಪ್ರಯೋಗದಲ್ಲಿಯೇ ತೋರಿಸಿದರು. ಹಂಗೆರಿಯಲ್ಲಿಯೂ ಕೆನಡಾದಲ್ಲಿಯೂ ನಡೆದ ಪ್ರಯೋಗಗಳಲ್ಲಿ ಅದು ಕಾಣಲಿಲ್ಲ. ಅದು ನಿಜವಾದರೆ ಕ್ವಾಂಟಮ್ ಸಿದ್ಧಾಂತವನ್ನೇ ತಿದ್ದಬೇಕಾದೀತೆಂದು ಕೆನಡಾದವರು ಬರೆದರು. ಸಂದೇಹಪಟ್ಟವರು ಅವಿವೇಕಿಗಳಲ್ಲ. ಆದರೆ ಅವರ ಉಪಕರಣಗಳಿಗೆ ಒದಗಿದ ಬೆಳಕಿನಿಂದ ಫಲ ಕಾಣಬೇಕಾದರೆ ಸಾವಿರ ವರ್ಷಗಳಾದರೂ ಬೇಕಾಗುತ್ತಿತ್ತೆಂದು ಬ್ರೌನ್ ಮತ್ತು ಟ್ವಿಸ್ ಲೆಕ್ಕಹಾಕಿ ತೋರಿಸಿದರು. ಅದೇ ವರ್ಷ ಅಮೆರಿಕದ ಎಡ್ವರ್ಡ್ ಪರ್ಸೆಲ್ ಕಾರಣವನ್ನೂ ವಿವರಿಸಿದರು: 1924ರಲ್ಲಿ ಢಾಕಾದಿಂದ ಸತ್ಯೇಂದ್ರನಾಥ ಬೋಸರು ನಿರೂಪಿಸಿದ್ದ ಎಣಿಕೆಯ ನಿಯಮದಂತೆ, ಇಂಥ ಕಣಗಳು ಗುಂಪುಗೂಡಿ ಬರುವುದೇ ಸಹಜ. ಸಿದ್ಧಾಂತಕ್ಕೆ ಭಂಗವೇನೂ ಬರಲಿಲ್ಲ. ಅದರ ಅರ್ಥ ಇನ್ನಷ್ಟು ತಿಳಿಯಾಯಿತು.

ಈ ನಡುವೆ ಸೈನ್ಯದ ಸರ್ಚ್‌ಲೈಟಿನ ಎರಡು ಕನ್ನಡಿಗಳಿಂದ, ಇಂಗ್ಲೆಂಡಿನ ಮೋಡಗವಿದ ಚಳಿಗಾಲದಲ್ಲಿ ದೊರೆತ ಒಟ್ಟು 18 ಗಂಟೆಗಳ ವೀಕ್ಷಣೆಯಲ್ಲಿ, ಲುಬ್ಧಕದ ವ್ಯಾಸವೂ ಸಿದ್ಧಿಸಿತು. ಒಂದು ಡಿಗ್ರಿಯ 3600ರಲ್ಲೊಂದು ಪಾಲನ್ನು ಮತ್ತೆ ಸಾವಿರ ಪಾಲು ಮಾಡಿದರೆ, ಅದರಲ್ಲಿ ಸುಮಾರು ಏಳು ಪಾಲಿನಷ್ಟು ಕೋನ! ಮುಂದೆ ಆಸ್ಟ್ರೇಲಿಯದ ನ್ಯಾರಬ್ರಿಯಲ್ಲಿ ಇದೇ ವಿಧಾನದಿಂದ 32 ತಾರೆಗಳನ್ನು ಅಳೆದರು.

ಈ ವಿವಾದದ ತರುವಾಯ 1963ರಲ್ಲಿ ರಾಯ್ ಗ್ಲಾಬರ್, ಇ. ಸಿ. ಜಿ. ಸುದರ್ಶನ್ ಮೊದಲಾದವರು ಕ್ವಾಂಟಮ್ ದೃಗ್ವಿಜ್ಞಾನಕ್ಕೆ ಭದ್ರವಾದ ತಳಹದಿಯನ್ನು ಹಾಕಿದರು. 1977ರಲ್ಲಿ ಲೆನರ್ಡ್ ಮ್ಯಾಂಡೆಲ್ ಅವರ ತಂಡವು ಸೋಡಿಯಮ್ ಪರಮಾಣುವೊಂದರ ಫೋಟಾನುಗಳು ಗುಂಪುಗೂಡದೆ ಒಂದೊಂದಾಗಿಯೇ ಬರುವುದನ್ನು ಕಂಡಿತು. ಇಂದು ರಹಸ್ಯ ಸಂದೇಶಗಳಿಗಾಗಿ ಒಂಟಿ ಫೋಟಾನುಗಳನ್ನು ಸೂಸುವ ಸಾಧನ ತಯಾರಾದಾಗ, ಪರೀಕ್ಷೆಗೆ ಒಡ್ಡುವುದು ಅದೇ ಅರೆಗನ್ನಡಿಗೆ, ಅದೇ ಎರಡು ಗ್ರಾಹಕಗಳಿಗೆ. ಎರಡೂ ಒಮ್ಮೆಗೇ ಮಿಡಿದರೆ ಅಲ್ಲಿರುವುದು ಒಂಟಿ ಫೋಟಾನಲ್ಲ. ನಕ್ಷತ್ರಕ್ಕಾಗಿ ಹೂಡಿದ ಉಪಾಯ, ಬೆಳಕಿನ ಒಂದೇ ಒಂದು ಕಣವನ್ನು ಗುರುತಿಸುವ ಒರೆಗಲ್ಲಾಗಿ ಹೀಗೆ ಉಳಿದುಕೊಂಡಿದೆ.