ಸಾವಿರ ವರ್ಷದ ರಾಜ್ಯವೂ ಅಂತ್ಯವಿಲ್ಲದ ರಾಜ್ಯವೂ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಕಟ್ಟಡವನ್ನೂ ಸೇವೆ ಸಲ್ಲಿಸಿದ ಗುರುವರ್ಯರನ್ನೂ ಸ್ಮರಿಸುವುದು ವಾಡಿಕೆ. ಆ ಕಾರ್ಯವನ್ನು ನನಗಿಂತ ಬಲ್ಲವರು ಮಾಡುವರು. ನೂರು ವರ್ಷಗಳನ್ನು ಎಣಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಸಾವಿರ ವರ್ಷದ ಒಂದು ಮಾತನ್ನು ಕುರಿತು ವಾಚಕರೊಡನೆ ವಿಚಾರಮಾಡಲು ಬಯಸುತ್ತೇನೆ. ಪ್ರಕಟನಾ ಗ್ರಂಥದ 20ನೆಯ ಅಧ್ಯಾಯದಲ್ಲಿ, ಸೈತಾನನು ಸಾವಿರ ವರ್ಷ ಬಂಧಿತನಾಗಿರುವನೆಂದೂ, ವಿಶ್ವಾಸಕ್ಕಾಗಿ ಪ್ರಾಣತೆತ್ತವರು ಅಷ್ಟು ಕಾಲ ಕ್ರಿಸ್ತರೊಡನೆ ರಾಜ್ಯವಾಳುವರೆಂದೂ ಹೇಳಿದೆ. ಕೆಲವೇ ವಾಕ್ಯಗಳ ಈ ದರ್ಶನವು ಹುಟ್ಟಿಸಿದ ಆಶೆ, ಭೀತಿ, ಲೆಕ್ಕಾಚಾರಗಳಿಗೆ ಮಿತಿಯಿಲ್ಲ. ಅಂತ್ಯಕಾಲವನ್ನು ಸಾರುವ ಕರಪತ್ರಗಳು ನಮ್ಮ ಮನೆಬಾಗಿಲಿಗೂ ಬಂದಿವೆ. ಈಚೆಗೆ ಮೊಬೈಲಿನಲ್ಲಿಯೂ ಬರುತ್ತಿವೆ.

ಮುಂಬರುವ ಕಾಲದ ಮಾತು ನಮ್ಮ ಸೀಮೆಗೆ ಹೊಸತೇನಲ್ಲ. ಚಾಮರಾಜನಗರದ ಬಳಿಯ ಮಲೆಯೂರು ಕನಕಗಿರಿ ಪ್ರಾಚೀನ ಜೈನಕ್ಷೇತ್ರ. ಜೈನರ ದೃಷ್ಟಿಯಲ್ಲಿ ಕಾಲವು ಏರುತ್ತ ಇಳಿಯುತ್ತ ತಿರುಗುವ ಚಕ್ರ. ನೀಲಗಾರರು ಹಾಡುವ ಮಂಟೇಸ್ವಾಮಿಯ ಕಥೆಯಲ್ಲಿ ಕಲಿಯುಗದ ಕೇಡಿನ ವರ್ಣನೆಯುಂಟು. ಚನ್ನಬಸವಣ್ಣನವರೇ ಮೊದಲಾದ ಶರಣರ ಹೆಸರಿನಲ್ಲಿ ಹರಿದುಬಂದ ಕಾಲಜ್ಞಾನ ವಚನಗಳು, ವೀರವಸಂತರಾಯನೆಂಬ ಅರಸನು ಬಂದು ಹಾಳಾದ ಕಲ್ಯಾಣವನ್ನು ಮತ್ತೆ ಕಟ್ಟುವನೆಂದು ಸಾರುತ್ತವೆ. ಕೆಟ್ಟ ಕಾಲವು ಕಳೆದು ನ್ಯಾಯದ ಅರಸನೊಬ್ಬನು ಬಂದಾನೆಂಬ ಹಂಬಲವು ಬಡವರ ನಾಡಿನಲ್ಲೆಲ್ಲ ಹುಟ್ಟುವಂಥದು. ಆದಿ ಕ್ರೈಸ್ತರಲ್ಲಿಯೂ ಅದು ಹಾಗೆಯೇ ಹುಟ್ಟಿತು.

ಹಿಯೆರಾಪೊಲಿಸಿನ ಧರ್ಮಾಧ್ಯಕ್ಷ ಪಾಪಿಯಾಸರು ಹೇಳಿದುದನ್ನು ಸಂತ ಇರೆನೇಯರು ಬರೆದಿಟ್ಟಿದ್ದಾರೆ. ಆ ರಾಜ್ಯದಲ್ಲಿ ಒಂದೊಂದು ದ್ರಾಕ್ಷಿಬಳ್ಳಿಗೆ ಹತ್ತು ಸಾವಿರ ಕೊಂಬೆಗಳಂತೆ; ಒಂದು ಗೋಧಿಕಾಳಿನಿಂದ ಹತ್ತು ಸಾವಿರ ತೆನೆಗಳಂತೆ! ಮುಂದಿನ ವಿದ್ವಾಂಸರು ಈ ಲೆಕ್ಕವನ್ನು ಕೇಳಿ ನಕ್ಕರು. ಮಳೆಯ ನೆರಳಿನ ಗುಂಡ್ಲುಪೇಟೆಯಲ್ಲಿ ಮೋಡವನ್ನು ನೋಡುತ್ತ ರಾಗಿ ಬಿತ್ತುವ ರೈತನು ನಗಲಾರನು. ಹಸಿವನ್ನೂ ಹಿಂಸೆಯನ್ನೂ ಉಂಡವರ ಕನಸು ಅದು. ಸಂತ ಜಸ್ಟಿನರೂ ತೆರ್ತುಲ್ಲಿಯನರೂ ಸಾವಿರ ವರ್ಷದ ಭೂರಾಜ್ಯವನ್ನು ಅಕ್ಷರಶಃ ನಿರೀಕ್ಷಿಸಿದವರೇ. ಅಲೆಕ್ಸಾಂಡ್ರಿಯದ ಓರಿಜೆನರು ಇದನ್ನು ಖಂಡಿಸಿದರು.

ನಿರ್ಣಾಯಕ ತಿರುವನ್ನು ಕೊಟ್ಟವರು ಸಂತ ಅಗಸ್ಟೀನರು. ಒಂದು ಕಾಲದಲ್ಲಿ ಈ ಅಭಿಪ್ರಾಯಕ್ಕೆ ತಾವೂ ಒಲಿದಿದ್ದುದನ್ನು ಅವರು ‘ದೇವನಗರ’ದ 20ನೆಯ ಭಾಗದಲ್ಲಿ ಮುಚ್ಚಿಡದೆ ಹೇಳಿ, ಸಾವಿರ ವರ್ಷವೆಂದರೆ ಧರ್ಮಸಭೆಯು ಈ ಲೋಕದಲ್ಲಿ ನಡೆಯುವ ಕಾಲವೇ ಎಂದು ವಿವರಿಸಿದರು. ಮೊದಲನೆಯ ಪುನರುತ್ಥಾನವು ಪಾಪದಿಂದ ಆತ್ಮವು ಏಳುವುದು. ದೇಹಗಳು ಏಳುವುದು ಕೊನೆಯ ದಿನದಲ್ಲಿ. ಅಂದರೆ ಆ ರಾಜ್ಯವು ಈಗಾಗಲೇ ಆರಂಭವಾಗಿದೆ, ಆದರೆ ಪೂರ್ಣಗೊಂಡಿಲ್ಲ. ಇದಕ್ಕೂ ಮುಂಚೆಯೇ, 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ವಿಶ್ವಾಸಪ್ರಮಾಣದಲ್ಲಿ, ಕ್ರಿಸ್ತರ ರಾಜ್ಯಕ್ಕೆ ಅಂತ್ಯವೇ ಇಲ್ಲವೆಂಬ ಮಾತು ಸೇರಿತ್ತು. ಅನ್ಸಿರದ ಮಾರ್ಸೆಲ್ಲಸನೆಂಬಾತನು ಆ ರಾಜ್ಯವು ಒಂದು ದಿನ ಮುಗಿಯುವುದೆಂದು ಬೋಧಿಸಿದುದೇ ಅದಕ್ಕೆ ಕಾರಣ. ಭಾನುವಾರದ ಬಲಿಪೂಜೆಯಲ್ಲಿ ಆ ವಿಶ್ವಾಸಪ್ರಮಾಣವನ್ನು ಹೇಳುವಾಗ, ಆ ಹಳೆಯ ವಾದಕ್ಕೆ ನಾವು ಇಂದಿಗೂ ಉತ್ತರ ಕೊಡುತ್ತಿದ್ದೇವೆ.

ಲೆಕ್ಕ ಹಾಕುವವರು ಮಾತ್ರ ಸುಮ್ಮನಾಗಲಿಲ್ಲ. ಅದರ ಒಂದು ಅಲೆ ಕನ್ನಡ ನಾಡಿನ ದಡವನ್ನೂ ಮುಟ್ಟಿತು. ಜರ್ಮನಿಯ ವುರ್ಟೆಂಬರ್ಗಿನ ಪ್ರಾಟೆಸ್ಟೆಂಟ್ ಪಂಡಿತ ಬೆಂಗೆಲ್ (1687–1752) ಪ್ರಕಟನಾ ಗ್ರಂಥದ ಸಂಖ್ಯೆಗಳನ್ನು ಕೂಡಿ ಕಳೆದು, ಮಹಾಪರಿವರ್ತನೆಯು 1836ರಲ್ಲಿ ಎಂದು ಗೊತ್ತುಮಾಡಿದ್ದರು. ಅದೇ ನಾಡಿನ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಷನ್ನಿನ ಪರವಾಗಿ ಮಂಗಳೂರಿಗೆ ಬಂದಿಳಿದುದು ಆ 1836ರ ಕೊನೆಯಲ್ಲಿ! ಲೋಕವು ಇದ್ದಂತೆಯೇ ಇತ್ತು. ಅವರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಕನ್ನಡಕ್ಕೆ ಮೊದಲ ವೃತ್ತಪತ್ರಿಕೆ ದೊರೆಯಿತು. ಗಣಿತವು ತಪ್ಪಿದ ವರ್ಷದಿಂದ ನಮಗೆ ಲಾಭವೇ ಆಯಿತೆನ್ನಬೇಕು.

ಕಥೋಲಿಕರೂ ಈ ಲೆಕ್ಕಕ್ಕೆ ಹೊರಗಾಗಿರಲಿಲ್ಲ. ಚಿಲಿ ದೇಶದ ಮಾನುವೆಲ್ ಲಕುನ್ಸಾ ಯೇಸುಸಭೆಯ ಗುರುಗಳು. 1767ರಲ್ಲಿ ಸ್ಪೇನಿನ ಅರಸನು ಯೇಸುಸಭೆಯವರನ್ನು ಹೊರಗಟ್ಟಿದಾಗ ಇಟಲಿಯನ್ನು ಸೇರಿ, ಕ್ರಿಸ್ತರು ಮಹಿಮೆಯಿಂದ ಬಂದು ಭೂಮಿಯ ಮೇಲೆ ಆಳುವರೆಂದು ದೊಡ್ಡ ಗ್ರಂಥವನ್ನೇ ಬರೆದರು. 1824ರಲ್ಲಿ ರೋಮ್ ಅದನ್ನು ನಿಷೇಧಿಸಿತು. 1773ರಲ್ಲಿ ಯೇಸುಸಭೆಯು ಸಂಪೂರ್ಣವಾಗಿ ರದ್ದಾದಾಗ, ಚಿನ್ನಾಮಿ ಗುರುಗಳು 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಮೈಸೂರು ಮಿಷನ್ನೂ ಆಸರೆ ಕಳೆದುಕೊಂಡಿತು. ಒಂದೇ ಬಿರುಗಾಳಿಯಲ್ಲಿ ಅಲ್ಲೊಬ್ಬರು ಅಂತ್ಯಕಾಲವನ್ನು ಕಂಡರು. ಇಲ್ಲಿ ನಮ್ಮ ಹಿರಿಯರು ಗುರುಗಳಿಲ್ಲದೆ ಬದುಕಿದರು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಚದುರಿದ ವಿಶ್ವಾಸಿಗಳನ್ನು ಒಟ್ಟುಗೂಡಿಸಲು ಬಂದವರು ಪ್ಯಾರಿಸ್ ಮಿಷನ್ನಿನ ಅಬ್ಬೆ ದುಬ್ವಾ. ಜನರು ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಅದೇ ಕಾಲದಲ್ಲಿ, 1810ರಿಂದ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿದ್ದು ಬೈಬಲನ್ನು ಕನ್ನಡಿಸುತ್ತಿದ್ದರು. ಸುವಾರ್ತೆಯು ಲೋಕವನ್ನೆಲ್ಲ ಗೆದ್ದು ಸಾವಿರ ವರ್ಷದ ಶುಭಕಾಲವನ್ನು ತರುವುದೆಂಬ ಭರವಸೆ ಅಂದಿನ ಅನೇಕ ಪ್ರಾಟೆಸ್ಟೆಂಟರದು. ದುಬ್ವಾ ಅವರಿಗೆ ಆ ಭರವಸೆ ಕಿಂಚಿತ್ತೂ ಇರಲಿಲ್ಲ. ಮೂವತ್ತು ವರ್ಷಗಳ ಅನುಭವದ ಮೇಲೆ, ಭಾರತವು ಕ್ರೈಸ್ತವಾಗುವ ಕಾಲವು ಕಳೆದುಹೋಯಿತೆಂದು ಅವರು 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಬರೆದರು. ಮರುವರ್ಷವೇ ಜೇಮ್ಸ್ ಹಫ್ ಎಂಬ ಆಂಗ್ಲಿಕನ್ ಚಾಪ್ಲಿನರು ಖಂಡನೆಯನ್ನು ಅಚ್ಚುಹಾಕಿಸಿದರು. ಇಬ್ಬರದೂ ಅತಿಯೆಂದೇ ನನ್ನ ಅಭಿಪ್ರಾಯ. ಒಬ್ಬರು ರಾಜ್ಯದ ಬೆಳೆಯನ್ನು ಬಹುಬೇಗ ಅಳೆದರು. ಇನ್ನೊಬ್ಬರು ಹೊಲವೇ ಬರಡೆಂದರು. ಆದರೆ ದೊಡ್ಡ ಸ್ವಾಮಿಯವರ ಕೈಗಳು ಅವರ ಲೇಖನಿಯ ಮಾತನ್ನು ಕೇಳಲಿಲ್ಲ. ಸಿಡುಬಿನ ವಿರುದ್ಧ ದೇವಿ ಹಾಕುವುದು ನಾಡಿಗೆ ಹೊಸದಾಗಿದ್ದಾಗ, ಅವರು ಮೈಸೂರು ಸೀಮೆಯಲ್ಲಿ ಸಾವಿರಾರು ಜನರಿಗೆ ಅದನ್ನು ಹಾಕಿಸಿದರು.

ಅಂತ್ಯವು ಬಂದೇ ಬಂದಿತೆಂದು ಜನರಿಗೆ ತೋರಿದ ದಿನಗಳು ನಮ್ಮಲ್ಲಿ ಕಡಿಮೆಯೇನಲ್ಲ. 1876–78ರ ಮಹಾಕ್ಷಾಮದಿಂದಾಗಿ, 1871ರಲ್ಲಿ 50 ಲಕ್ಷಕ್ಕೂ ಮಿಗಿಲಾಗಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದೊಳಗೆ ಇಳಿಯಿತು. 1898ರಲ್ಲಿ ಪ್ಲೇಗು ಬಂದಿತು. 2021ರ ಮೇ 2–3ರಂದು, ಕೋವಿಡ್ ಕಾಲದಲ್ಲಿ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ ಒಂದೇ ದಿನದೊಳಗೆ 24 ಮಂದಿ ರೋಗಿಗಳು ಮೃತರಾದರು. ಇಂಥ ಹೊತ್ತಿನಲ್ಲಿ ಪ್ರಕಟನಾ ಗ್ರಂಥದ ಮುದ್ರೆಗಳನ್ನೂ ತುತೂರಿಗಳನ್ನೂ ಎಣಿಸಿ ತೋರಿಸುವುದು ಸುಲಭ. ಆದರೆ ಸಿಲಿಂಡರು ಸಮಯಕ್ಕೆ ಬಾರದಿರುವುದು ಪ್ರವಾದನೆಯ ನೆರವೇರಿಕೆಯಲ್ಲ. ಮನುಷ್ಯರು ಉತ್ತರ ಕೊಡಬೇಕಾದ ಲೋಪ. ಅದನ್ನು ದೇವರ ವೇಳಾಪಟ್ಟಿಗೆ ಸೇರಿಸಿಬಿಟ್ಟರೆ ಸತ್ತವರಿಗೆ ಎರಡನೆಯ ಬಾರಿ ಅನ್ಯಾಯವಾಗುತ್ತದೆ.

ಧರ್ಮಸಭೆಯ ನಿಲುವು ಇದರಿಂದ ದೂರವಿಲ್ಲ. ಲಕುನ್ಸಾರ ತಾಯ್ನಾಡಾದ ಚಿಲಿಯಿಂದಲೇ ಮತ್ತೆ ಪ್ರಶ್ನೆಯೆದ್ದಾಗ, ಕಡೆಯ ತೀರ್ಪಿಗೆ ಮುಂಚೆ ಕ್ರಿಸ್ತರು ದೃಶ್ಯರೂಪದಲ್ಲಿ ಬಂದು ಭೂಮಿಯನ್ನಾಳುವರೆಂಬುದನ್ನು ನಿರ್ಭಯವಾಗಿ ಬೋಧಿಸಲಾಗದೆಂದು ರೋಮ್ 1944ರಲ್ಲಿ ತಿಳಿಸಿತು. 1992ರ ಧರ್ಮೋಪದೇಶ ಗ್ರಂಥವು ಇನ್ನೂ ಮುಂದೆ ಹೋಗಿ, ದೇವರ ರಾಜ್ಯವನ್ನು ಚರಿತ್ರೆಯೊಳಗೇ ಪೂರ್ಣಗೊಳಿಸುತ್ತೇವೆನ್ನುವ ರಾಜಕೀಯ ಪಂಥಗಳನ್ನೂ ಇದೇ ಸಾಲಿಗೆ ಸೇರಿಸಿದೆ. ಆದರೆ ಈ ಲೋಕದಲ್ಲಿ ನ್ಯಾಯಕ್ಕಾಗಿ ದುಡಿದದ್ದು ಹೊಸ ಲೋಕದಲ್ಲಿ ವ್ಯರ್ಥವಾಗದೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿಯೇ ಸಾರಿತ್ತು.

1925ರಲ್ಲಿ ಜಗದ್ಗುರು 11ನೆಯ ಭಕ್ತಿನಾಥರು ಕ್ರಿಸ್ತರಾಜರ ಹಬ್ಬವನ್ನು ಸ್ಥಾಪಿಸಿದಾಗ ಅದು ಅಕ್ಟೋಬರಿನ ಕೊನೆಯ ಭಾನುವಾರದಂದು ಬರುತ್ತಿತ್ತು. 1969ರ ಪರಿಷ್ಕರಣದಲ್ಲಿ ಅದನ್ನು ಪೂಜಾವರ್ಷದ ಕಟ್ಟಕಡೆಯ ಭಾನುವಾರಕ್ಕೆ ತಂದರು. ಹಾಗಾಗಿ ಅಂತಿಮ ತೀರ್ಪಿನ ಆ ಅರಸನನ್ನು ಕೊಂಡಾಡಿದ ಮರುವಾರವೇ ಆಗಮನ ಕಾಲದ ಮೊದಲ ಮೇಣದಬತ್ತಿಯನ್ನು ಹೊತ್ತಿಸುತ್ತೇವೆ. ಮಕ್ಕಳು ಗೋದಲಿಗೆ ಹುಲ್ಲು ಕೂಡಿಸಲು ಹೊರಡುತ್ತಾರೆ.